ಪೆಟ್ಟಿಗೆಯಲ್ಲಿ ಬಂದ ಗರಗಸದ ಅಸಲಿ ಖರ್ಚು

ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದಲ್ಲಿ ಕಾರ್ಯಕ್ರಮ ಮುಗಿದ ಮೇಲೆ ಮಾತು ಸಾಹಿತ್ಯದಿಂದ ಹೊಲದ ಕಡೆಗೆ ಹೊರಳುತ್ತದೆ. ಹೈದರಾಬಾದಿನಲ್ಲಿ ತಲೆಮಾರುಗಳಿಂದ ನೆಲೆಸಿದ ಕನ್ನಡಿಗರಲ್ಲಿ ಎಷ್ಟೋ ಮಂದಿಗೆ ಬೀದರ್, ಕಲಬುರಗಿ, ರಾಯಚೂರಿನ ಕಡೆ ಇನ್ನೂ ನಾಲ್ಕೆಕರೆ ಉಳಿದಿದೆ. ನಮ್ಮದು ಜಹೀರಾಬಾದಿನ ಹತ್ತಿರ, ತೆಲಂಗಾಣದ ಗಡಿಯೊಳಗೆ. ಈಚೆಗೆ ಮಂದಿರದಲ್ಲಿ ಸಿಕ್ಕವರೆಲ್ಲ ಕೇಳುವುದು ಒಂದೇ ಮಾತು: "ಚೈನ್‌ಸಾ ಬಿಡಿಭಾಗ ತರಿಸಿ ನೀವೇ ಜೋಡಿಸಿದಿರಂತಲ್ಲ, ಎಷ್ಟು ಉಳಿತ್ರೀ?" ಏನೂ ಉಳಿಯಲಿಲ್ಲ. ಆದರೂ ಅದೇ ಹಣವನ್ನು ಮತ್ತೆ ಅದಕ್ಕೇ ಹಾಕೆಂದರೆ ಹಾಕುತ್ತೇನೆ. ಯಾಕೆಂಬುದನ್ನು ಲೆಕ್ಕ ಸಮೇತ ಹೇಳಬೇಕು.

ನಮ್ಮ ಬದುಗಳ ತುಂಬ ಬಳ್ಳಾರಿ ಜಾಲಿ. 1877ರಲ್ಲಿ ಕಡಪ ಜಿಲ್ಲೆಯ ಕಮಲಾಪುರಂನಲ್ಲಿ ಬೀಜ ಹಾಕಿ ಬೆಳೆಸಿದ ಈ ಪರದೇಶದ ಗಿಡ ಈಗ ದಖನ್ನಿನಲ್ಲಿ ಕಾಲಿಟ್ಟಲ್ಲೆಲ್ಲ ಇದೆ. ಕಟ್ಟಿಗೆ ಕಲ್ಲಿನಂಥದ್ದು. ಬುಡ ಉಳಿಸಿ ಕಡಿದರೆ ಮುಂದಿನ ಮಳೆಗೆ ಹೊಸ ಕೊಂಬೆಗಳೊಂದಿಗೆ ಎದ್ದು ನಿಲ್ಲುತ್ತದೆ. ಹಾಗಾಗಿ ಇದು ಒಮ್ಮೆ ಮಾಡಿ ಮರೆಯುವ ಖರ್ಚಲ್ಲ, ವರ್ಷವರ್ಷದ ಖರ್ಚು. ನಮ್ಮ ಕಡೆ ಮಷಿನ್ ಸಮೇತ ಬಂದು ಕೊಯ್ದು ಕೊಡುವವರಿಗೆ ದಿನಕ್ಕೆ 3,000 ರೂಪಾಯಿಯ ಆಸುಪಾಸು ಕೊಡಬೇಕು. ಹೊಲ ನೋಡಿಕೊಳ್ಳುವ ಸೋದರಮಾವನಿಗೆ ಆ ದುಡ್ಡಿಗಿಂತ ಹೆಚ್ಚಿನ ತಲೆನೋವು ಅವರು ಹೇಳಿದ ದಿನ ಬಾರದಿರುವುದು.

ಅಂಗಡಿಯಲ್ಲಿ ಎರಡು ದಾರಿ ಇದ್ದವು. ಐದಾರು ಸಾವಿರಕ್ಕೆ ಸಿಗುವ 58 ಸಿಸಿಯ ಹೆಸರಿಲ್ಲದ ಮಷಿನ್ ಒಂದು. ಅದರ ಹತ್ತು ಪಟ್ಟು ಬೆಲೆಯ ಹೆಸರಾಂತ ಕಂಪನಿಯದು ಇನ್ನೊಂದು. ನಾನು ಹಿಡಿದದ್ದು ಮೂರನೆಯ ದಾರಿ, ಹೊರದೇಶದಿಂದ ತರಿಸುವಂಥದ್ದು: ಹಸ್ಕ್‌ವಾರ್ನಾ 372 ಎಂಬ ಹಳೆಯ, ಗಟ್ಟಿ ಮಾದರಿಗೆ ಹೊಂದುವಂತೆ ಬೇರೆಯವರು ತಯಾರಿಸಿದ ಬಿಡಿಭಾಗಗಳ ಪೂರ್ತಿ ಕಿಟ್. 50 ಮಿಲಿಮೀಟರ್ ಸಿಲಿಂಡರ್, 36 ಮಿಲಿಮೀಟರ್ ಸ್ಟ್ರೋಕ್, ಸುಮಾರು 71 ಸಿಸಿ. ಕ್ರ್ಯಾಂಕ್‌ಕೇಸಿನಿಂದ ಹಿಡಿದು ಕೊನೆಯ ತಿರುಪಿನವರೆಗೆ ಎಲ್ಲವೂ ಪ್ಲಾಸ್ಟಿಕ್ ಚೀಲಗಳಲ್ಲಿ ಬರುತ್ತದೆ. ಜೋಡಿಸುವ ವಿವರಣೆಯ ಪುಸ್ತಕ ಬರುವುದಿಲ್ಲ.

ಮೊದಲ ಪಾಠ ಸುಂಕದ್ದು. ಪಟ್ಟಿಯಲ್ಲಿ ಕಾಣುವ ಬೆಲೆಗೆ ಸಾಗಣೆ ಸೇರಿಸಿ, ಅದರ ಮೇಲೆ ಕಸ್ಟಮ್ಸ್, ಕಸ್ಟಮ್ಸ್ ಮೇಲೆ ಸರ್‌ಚಾರ್ಜ್, ಇವೆಲ್ಲ ಕೂಡಿದ ಮೊತ್ತದ ಮೇಲೆ ಐಜಿಎಸ್‌ಟಿ ಹಾಕುತ್ತಾರೆ. ತೆರಿಗೆಯ ಮೇಲೂ ತೆರಿಗೆ ಬೀಳುತ್ತದೆ ಎಂಬುದನ್ನು ಕಿಟ್ ತರಿಸುವವರು ಮೊದಲೇ ಕಾಗದದ ಮೇಲೆ ಬರೆದುಕೊಳ್ಳಬೇಕು. ಇದಾದ ಮೇಲೆ ಕೊರಿಯರ್‌ನವರ ಶುಲ್ಕ ಬೇರೆ. "ಗಿಫ್ಟ್ ಅಂತ ಬರೆಸಿಬಿಡಿ" ಎಂದು ಸಲಹೆ ಕೊಡುವವರು ಈಗಲೂ ಇದ್ದಾರೆ. 2019ರ ಡಿಸೆಂಬರ್‌ನಲ್ಲೇ ಆ ದಾರಿಯನ್ನು ಸರ್ಕಾರ ಮುಚ್ಚಿದೆ, ರಾಖಿ ಮತ್ತು ಜೀವರಕ್ಷಕ ಔಷಧಿಗಷ್ಟೇ ವಿನಾಯಿತಿ. ಎಲ್ಲ ಸೇರಿ ಪೆಟ್ಟಿಗೆ ಮನೆಗೆ ಬರುವ ಹೊತ್ತಿಗೆ 28,000 ರೂಪಾಯಿ.

ಪೆಟ್ಟಿಗೆ ಬಿಚ್ಚಿದ ದಿನ ಹೊಲದಿಂದ ಮಾವ ಬಂದಿದ್ದರು. ಭಾಗಗಳನ್ನೆಲ್ಲ ಹಾಸಿಗೆಬಟ್ಟೆಯ ಮೇಲೆ ಹರವಿದ್ದನ್ನು ನೋಡಿ ಅವರು ಬೆಲೆ ಕೇಳಲಿಲ್ಲ. "ಸಾಮಾನು ಕೆಟ್ರ ಎಲ್ಲಿ ಸಿಗ್ತದೋ ತಮ್ಮಾ?" ಎಂದರು. ಯಾವ ಯಂತ್ರ ಕೊಳ್ಳುವಾಗಲೂ ಕೇಳಬೇಕಾದ ಮೊದಲ ಪ್ರಶ್ನೆ ಅದೇ ಎಂದು ನಾನು ನಂಬುತ್ತೇನೆ. ಆ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ರಾಣಿಗಂಜ್‌ಗೆ ಹೋದೆ.

ಹುಸೇನ್ ಸಾಗರದ ಟ್ಯಾಂಕ್ ಬಂಡ್ ದಾಟಿ ಸಿಕಂದರಾಬಾದಿನ ಕಡೆ ಹೊರಳಿದರೆ ರಾಣಿಗಂಜ್. ಪಂಪ್, ಮೋಟಾರ್, ಬೆಲ್ಟ್, ಬೇರಿಂಗ್, ಆಯಿಲ್ ಸೀಲ್, ನಟ್ಟು ಬೋಲ್ಟು, ಗಲ್ಲಿಗೊಂದು ಸರಕು. ಇಲ್ಲಿ ಯಂತ್ರದ ಹೆಸರು ಹೇಳಬೇಕಾಗಿಲ್ಲ. ಬೇರಿಂಗ್ ಮೇಲೆ ಕೆತ್ತಿದ ನಂಬರ್ ಹೇಳಿದರೆ ಸಾಕು. ಸೀಲಿಗಾದರೆ ಒಳ ಅಳತೆ, ಹೊರ ಅಳತೆ, ದಪ್ಪ. ಕಿಟ್‌ನಲ್ಲಿ ಬಂದ ಬೇರಿಂಗನ್ನು ಕೌಂಟರಿನ ಹಿಂದಿದ್ದ ಹಿರಿಯರು ಬೆರಳಿಗೆ ಸಿಕ್ಕಿಸಿ ಕಿವಿಯ ಹತ್ತಿರ ತಿರುಗಿಸಿದರು, ತಲೆಯಾಡಿಸಿದರು, ಪಕ್ಕಕ್ಕಿಟ್ಟರು. ಪೂರ್ತಿ ವೇಗದಲ್ಲಿ ಈ ಎಂಜಿನ್ ನಿಮಿಷಕ್ಕೆ 13,000 ಸುತ್ತಿನ ಆಸುಪಾಸು ತಿರುಗುತ್ತದೆ. ಆ ವೇಗಕ್ಕೆ, ಆ ಶಾಖಕ್ಕೆ ಸ್ವಲ್ಪ ಸಡಿಲ ಬಿಟ್ಟು ಮಾಡಿದ ಸಿ3 ದರ್ಜೆಯ ಬೇರಿಂಗ್ ಬೇಕು. ಕ್ರ್ಯಾಂಕ್‌ನ ಎರಡೂ ಬೇರಿಂಗ್, ಎರಡೂ ಸೀಲ್, ಪಿಸ್ಟನ್ ರಿಂಗ್, ಪೆಟ್ರೋಲ್ ಪೈಪ್, ಜೊತೆಗೆ ಒಳ್ಳೆಯ ಬಾರ್ ಮತ್ತು ಚೈನ್: ಇಷ್ಟನ್ನು ಹೊಸದಾಗಿ ಕೊಂಡೆ. 9,000 ರೂಪಾಯಿ. ಕಿಟ್‌ನೊಂದಿಗೆ ಬಂದದ್ದನ್ನೇ ಹಾಕಬಹುದಿತ್ತಲ್ಲ ಎಂದು ಕೇಳುವವರಿಗೆ ನನ್ನ ಉತ್ತರ: ಒಳಗೆ ಕೂತ ಮೇಲೆ ಪೂರ್ತಿ ಎಂಜಿನ್ ಬಿಚ್ಚದೆ ಕೈಗೆ ಸಿಗದ ಭಾಗದಲ್ಲಿ ಉಳಿತಾಯ ಮಾಡಬಾರದು. ಹ್ಯಾಂಡಲ್, ಕವರ್, ಏರ್ ಫಿಲ್ಟರ್ ಅಗ್ಗದ್ದಿರಲಿ, ಹೋದರೆ ಹತ್ತು ನಿಮಿಷದಲ್ಲಿ ಬದಲಾಯಿಸಬಹುದು.

ಸೀಲಿನ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು, ಹಣ ಸೋರುವುದೇ ಅಲ್ಲಿ. ಎರಡು ಸ್ಟ್ರೋಕಿನ ಈ ಎಂಜಿನ್ನಿಗೆ ಬೇರೆ ಎಣ್ಣೆ ತೊಟ್ಟಿ ಇಲ್ಲ. ಪೆಟ್ರೋಲಿಗೆ ಬೆರೆಸಿದ ಆಯಿಲೇ ಪಿಸ್ಟನ್ನಿಗೂ ಬೇರಿಂಗಿಗೂ ಜೀವ. 50ಕ್ಕೆ 1ರ ಪ್ರಮಾಣ ಅಂದರೆ ಲೀಟರಿಗೆ 20 ಮಿಲಿ. ಸೀಲಿನಲ್ಲಿ ಕೂದಲೆಳೆಯಷ್ಟು ಸಂದು ಇದ್ದರೂ ಅಲ್ಲಿಂದ ಹೊರಗಿನ ಗಾಳಿ ನುಗ್ಗುತ್ತದೆ, ಮಿಶ್ರಣ ತೆಳುವಾಗುತ್ತದೆ, ಶಾಖ ಏರುತ್ತದೆ, ಎಣ್ಣೆ ಸಾಲದೆ ಪಿಸ್ಟನ್ ಸಿಲಿಂಡರನ್ನು ಗೀರುತ್ತದೆ. ಒಂದೆರಡು ನೂರರ ರಬ್ಬರು ಕೆಲವು ಸಾವಿರದ ಸಿಲಿಂಡರನ್ನು ನುಂಗುವುದು ಹೀಗೆ. ಅದಕ್ಕೇ ಜೋಡಣೆ ಮುಗಿದ ಕೂಡಲೇ ಸ್ಟಾರ್ಟ್ ಮಾಡಲಿಲ್ಲ. ಇನ್‌ಟೇಕ್, ಸೈಲೆನ್ಸರ್ ಎರಡೂ ಬಾಯಿಗಳನ್ನು ರಬ್ಬರಿನಿಂದ ಮುಚ್ಚಿ, ಕೈಪಂಪಿನಿಂದ ಮೊದಲು ಒತ್ತಡ ಕೊಟ್ಟು, ಆಮೇಲೆ ಗಾಳಿ ಎಳೆದು, ಮೀಟರಿನ ಮುಳ್ಳು ನಿಲ್ಲುತ್ತದೆಯೇ ಎಂದು ನೋಡಿದೆ. ಈ ಪಂಪು, ಟಾರ್ಕ್ ವ್ರೆಂಚ್, ಫ್ಲೈವೀಲ್ ಎಳೆಯುವ ಪುಲ್ಲರ್, ಹೀಟ್ ಗನ್, ಎಲ್ಲ ಸೇರಿ ಸಲಕರಣೆಗೆ 6,000. ಹೀಟ್ ಗನ್ ಯಾಕೆಂದರೆ ಕೇಸನ್ನು ಕಾಯಿಸಿ, ಬೇರಿಂಗನ್ನು ಫ್ರೀಜರಿನಲ್ಲಿಟ್ಟರೆ ಸುತ್ತಿಗೆ ಮುಟ್ಟಿಸದೆಯೇ ಅದು ಜಾರಿ ಕೂರುತ್ತದೆ. ಪಿಸ್ಟನ್ ತಲೆಯ ಬಾಣದ ಗುರುತು ಸೈಲೆನ್ಸರಿನ ಕಡೆಗೇ ಇರಬೇಕು. ಕ್ಲಚ್ಚಿನದು ಲೆಫ್ಟ್ ಥ್ರೆಡ್, ಉಲ್ಟಾ ಬಿಗಿಯಬೇಕು. ಇವು ಗೊತ್ತಿಲ್ಲದೆ ಕೈ ಹಾಕಿದರೆ ಭಾಗಗಳು ಮುರಿದು ಖರ್ಚು ಬೆಳೆಯುತ್ತದೆ.

ನಾಲ್ಕನೆಯ ಬಾಬತ್ತು ರಕ್ಷಣೆಯದು, 9,000. ಮುಖಕ್ಕೆ ಜಾಲರಿ ಇರುವ ಹೆಲ್ಮೆಟ್, ಕಿವಿಗೆ ಮಫ್, ಗ್ಲೌಸ್, ಬೂಟು, ತೊಡೆಗೆ ಕಟ್ಟುವ ಚಾಪ್ಸ್. ಚಾಪ್ಸ್ ಒಳಗಿನ ಉದ್ದ ನಾರುಗಳು ಚೈನ್ ತಗುಲಿದೊಡನೆ ಕಿತ್ತುಬಂದು ಸ್ಪ್ರಾಕೆಟ್‌ಗೆ ಸುತ್ತಿಕೊಂಡು ಅದನ್ನು ನಿಲ್ಲಿಸುತ್ತವೆ. ನಮ್ಮ ಕಡೆ ಹವಾಯಿ ಚಪ್ಪಲಿ, ಲುಂಗಿಯಲ್ಲಿ ಮರ ಕೊಯ್ಯುವವರನ್ನು ನೋಡಿದಾಗಲೆಲ್ಲ ಎದೆ ನಡುಗುತ್ತದೆ. ಬಾರಿನ ತುದಿಯ ಮೇಲಂಚು ಕಟ್ಟಿಗೆಗೆ ತಾಗಿದರೆ ಗರಗಸ ಕಣ್ಣು ಮಿಟುಕಿಸುವುದರೊಳಗೆ ಮುಖದ ಕಡೆಗೆ ಚಿಮ್ಮುತ್ತದೆ. ಬಜೆಟ್ ಸಾಲದಿದ್ದರೆ ಮಷಿನ್ ಮುಂದಿನ ವರ್ಷಕ್ಕಿರಲಿ. ಈ 9,000ವನ್ನು ಕಡಿಮೆ ಮಾಡಿ ಮಷಿನ್ ತರಬೇಡಿ.

ಈಗ ಕೂಡಿ: 28, 9, 6, 9. ಒಟ್ಟು 52,000. ಈ ಹಣಕ್ಕೆ ಬಿಲ್ಲು, ವಾರಂಟಿ ಸಮೇತ ಹೆಸರಾಂತ ಕಂಪನಿಯ ಮಧ್ಯಮ ಗಾತ್ರದ ಮಷಿನ್ನೇ ಹತ್ತಿರ ಹತ್ತಿರ ಬರುತ್ತಿತ್ತು. ಮಾರಲು ಹೋದರೆ ನನ್ನದಕ್ಕೆ ಬೆಲೆಯೇ ಇಲ್ಲ. ಇನ್ನು ಕೂಲಿಗೆ ಹೋಲಿಸಿದರೆ, ದಿನಕ್ಕೆ 3,000 ಉಳಿದಂತೆ ಕಂಡರೂ ಪೆಟ್ರೋಲ್, ಆಯಿಲ್, ಚೈನ್ ಸವೆತ, ಸಹಾಯಕನ ಕೂಲಿ ಎಂದು 1,000 ಹೋಗುತ್ತದೆ. ಉಳಿಯುವುದು 2,000. ಹಾಕಿದ ಹಣ ಮರಳಲು 26 ದಿನದ ಕೊಯ್ತ ಬೇಕು. ವರ್ಷಕ್ಕೆ ಐದಾರು ದಿನದ ಕೆಲಸ ಇರುವವರಿಗೆ ಅದು ನಾಲ್ಕೈದು ವರ್ಷ. ಒಂದೆರಡು ದಿನದ ಕೆಲಸವಷ್ಟೇ ಇದ್ದರೆ ಕೂಲಿಯವರನ್ನೇ ಕರೆಸಿ, ನಿಶ್ಚಿಂತೆಯಿಂದಿರಿ.

ನಾನು ಈ ಖರ್ಚನ್ನು ಸಮರ್ಥಿಸುವುದು ಐದನೆಯ ವರ್ಷದಿಂದಾಚೆಯ ಲೆಕ್ಕದ ಮೇಲೆ. ಜಹೀರಾಬಾದಿನಿಂದ ಮಷಿನ್ ಹೊತ್ತು ನಗರದ ಸರ್ವಿಸ್ ಸೆಂಟರಿಗೆ ಬಂದು, ಬಿಟ್ಟು ಹೋಗಿ, ಮತ್ತೆ ಬಂದು ಒಯ್ಯುವ ಖರ್ಚು ರಿಪೇರಿಯ ಬಿಲ್ಲಿನಲ್ಲಿ ಬರೆದಿರುವುದಿಲ್ಲ. ಪ್ರತಿ ಭಾಗವನ್ನೂ ಕೈಯಾರೆ ಕೂರಿಸಿದ ಮೇಲೆ ಸದ್ದಿನಲ್ಲೇ ರೋಗ ತಿಳಿಯುತ್ತದೆ, ನಂಬರ್ ಬರೆದುಕೊಂಡು ರಾಣಿಗಂಜ್‌ಗೆ ಹೋದರೆ ಆಯಿತು. ಸಲಕರಣೆಗೆ ಹಾಕಿದ 6,000 ಮಾವನ ಪವರ್ ಸ್ಪ್ರೇಯರ್ ರಿಪೇರಿಯಲ್ಲಿ ಆಗಲೇ ಒಂದಿಷ್ಟು ಮರಳಿದೆ. ವರ್ಷಕ್ಕೆ 2,000 ರೂಪಾಯಿಯನ್ನು ಬೇರೆ ತೆಗೆದಿಡುತ್ತೇನೆ, ಮುಂದೆ ಸಿಲಿಂಡರ್ ಪಿಸ್ಟನ್ ಸೆಟ್ಟಿಗೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡ 20ರಷ್ಟು ಎಥನಾಲ್ ಇರುತ್ತದೆ. ಅದು ತೇವ ಹೀರುತ್ತದೆ, ಕಾರ್ಬ್ಯುರೇಟರಿನ ಡಯಾಫ್ರಮ್ ಹಾಳು ಮಾಡುತ್ತದೆ. ಕೆಲಸ ಮುಗಿದ ದಿನವೇ ಟ್ಯಾಂಕ್ ಖಾಲಿ ಮಾಡಿ, ತಾನಾಗಿ ಆಫ್ ಆಗುವವರೆಗೆ ಓಡಿಸಿಡುವುದರಿಂದ ವರ್ಷದ ಒಂದು ರಿಪೇರಿ ತಪ್ಪುತ್ತದೆ.

ಬಳ್ಳಾರಿ ಜಾಲಿ ಬಿಟ್ಟು ಬೇರೆ ಮರಕ್ಕೆ ಕೈ ಹಾಕುವ ಮುಂಚೆ ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. ಅವಿಭಜಿತ ಆಂಧ್ರದ ಕಾಲದ 2002ರ ವಾಲ್ಟಾ (ನೀರು, ನೆಲ, ಮರಗಳ) ಕಾಯ್ದೆ ತೆಲಂಗಾಣದಲ್ಲೂ ಜಾರಿಯಲ್ಲಿದೆ, ಸ್ವಂತ ಹೊಲದ ಮರ ಕಡಿಯುವುದಕ್ಕೂ ಅನುಮತಿ ಬೇಕು.

ಊರಿನವರು ಬಾಡಿಗೆಗೆ ಕೇಳುತ್ತಾರೆ. ದಿನಕ್ಕೆ ಸಾವಿರ ಕೊಡುತ್ತೇವೆ ಎಂದವರೂ ಇದ್ದಾರೆ, ಅದನ್ನು ಸೇರಿಸಿದರೆ ಮೇಲಿನ ಲೆಕ್ಕ ಎರಡೇ ವರ್ಷದಲ್ಲಿ ಸರಿಹೋಗುತ್ತದೆ. ನಾನು ಕೊಡುವುದಿಲ್ಲ. ಆ ಚೈನ್ ಬ್ರೇಕಿನ ಪಟ್ಟಿಯನ್ನು ಕೂರಿಸಿದವನು ನಾನು, ಅದನ್ನು ಪರೀಕ್ಷಿಸಿದವನೂ ನಾನೇ. ಬೇರೆ ಯಾವ ಕಂಪನಿಯ ಮುದ್ರೆಯೂ ಅದರ ಮೇಲಿಲ್ಲ. ನೆರೆಹೊಲದವರ ಮರ ಕೊಯ್ಯಬೇಕಾದರೆ ಹೆಲ್ಮೆಟ್, ಚಾಪ್ಸ್ ಹಾಕಿಕೊಂಡು ನಾನೇ ಹೋಗುತ್ತೇನೆ, ಪೆಟ್ರೋಲಿನ ದುಡ್ಡು ಮಾತ್ರ ತೆಗೆದುಕೊಳ್ಳುತ್ತೇನೆ.