ಸಮತೋಲದ ವೃಕ್ಷ, ಚದುರಂಗದ ಯಂತ್ರ

ನಿಘಂಟಿನಲ್ಲಿ ಪದವೊಂದನ್ನು ಅರಸುವಾಗ ನಾವು ಮೊದಲ ಪುಟದಿಂದ ಓದುತ್ತ ಹೋಗುವುದಿಲ್ಲ; ನಡುವೆ ತೆರೆದು, ಪದವು ಹಿಂದಿದೆಯೋ ಮುಂದಿದೆಯೋ ಎಂದು ನಿರ್ಣಯಿಸಿ ಒಂದು ಪಾಲನ್ನು ಕೈಬಿಡುತ್ತೇವೆ. ಈ ಸಹಜ ಕ್ರಮಕ್ಕೆ ಗಣಕಯಂತ್ರದಲ್ಲಿ ಭದ್ರವಾದ ರೂಪ ಕೊಟ್ಟವರಲ್ಲಿ ಗಿಯೋರ್ಗಿ ಅಡೆಲ್ಸನ್-ವೆಲ್ಸ್ಕಿ ಪ್ರಮುಖರು.

1922ರಲ್ಲಿ ರಷ್ಯಾದ ಸಮಾರಾ ನಗರದಲ್ಲಿ ಜನಿಸಿದ ಇವರು, 1962ರಲ್ಲಿ ಎವ್ಗೆನಿ ಲ್ಯಾಂಡಿಸ್ ಅವರೊಡನೆ ‘ಎವಿಎಲ್ ವೃಕ್ಷ’ವನ್ನು ಪ್ರಕಟಿಸಿದರು. ಅಕಾರಾದಿಯಾಗಿ ಬಂದ ಏಳು ಪದಗಳನ್ನು ಬಂದಂತೆಯೇ ಸೇರಿಸುತ್ತ ಹೋದರೆ ವೃಕ್ಷವು ಒಂದೇ ಕೊಂಬೆಯಾಗಿ ಬೆಳೆಯುತ್ತದೆ. ಕೊನೆಯ ಪದವನ್ನು ತಲುಪಲು ಏಳು ಹೋಲಿಕೆಗಳು ಬೇಕಾಗುತ್ತವೆ. ಇವರ ವಿಧಾನದಲ್ಲಾದರೋ ಯಾವ ಕವಲಿನಲ್ಲಿಯೂ ಎಡಬಲಗಳ ಎತ್ತರದ ಅಂತರ ಒಂದನ್ನು ಮೀರುವಂತಿಲ್ಲ. ಮೀರಿದೊಡನೆ ಕವಲುಗಳನ್ನು ತಿರುಗಿಸಿ ಸರಿಪಡಿಸಲಾಗುತ್ತದೆ. ಆಗ ಮೂರು ಹೋಲಿಕೆಗಳೇ ಸಾಕು.

ಚದುರಂಗವೂ ಕವಲೊಡೆಯುವ ವೃಕ್ಷವೇ: ಪ್ರತಿ ನಡೆಗೂ ಹಲವು ಮರುನಡೆಗಳು. ಮಾಸ್ಕೋದ ಸೈದ್ಧಾಂತಿಕ ಮತ್ತು ಪ್ರಾಯೋಗಿಕ ಭೌತವಿಜ್ಞಾನ ಸಂಸ್ಥೆಯಲ್ಲಿ, ಅಲೆಕ್ಸಾಂಡರ್ ಕ್ರೋನ್‌ರೋಡ್ ಅವರ ಪ್ರಯೋಗಾಲಯದಲ್ಲಿ, ಅಡೆಲ್ಸನ್-ವೆಲ್ಸ್ಕಿ ಮತ್ತು ಸಂಗಡಿಗರು ಚದುರಂಗವಾಡುವ ಕ್ರಮವಿಧಿಯನ್ನು ರಚಿಸಿದರು. 1966-67ರಲ್ಲಿ ಅದು ಅಮೆರಿಕದ ಜಾನ್ ಮೆಕಾರ್ಥಿ ಅವರ ತಂಡದ ಕ್ರಮವಿಧಿಯೊಡನೆ ತಂತಿ ಸಂದೇಶಗಳ ಮೂಲಕ ನಾಲ್ಕು ಆಟಗಳನ್ನಾಡಿತು. ಅಮೆರಿಕದ ಯಂತ್ರ ಮೇಲೆಂದು ತೋರಿದ ಕೆಲವೇ ನಡೆಗಳನ್ನು ಪರಿಶೀಲಿಸುತ್ತಿತ್ತು. ಸೋವಿಯತ್ ಯಂತ್ರ ನಿಯತ ಆಳದವರೆಗೆ ಎಲ್ಲ ನಡೆಗಳನ್ನೂ ನೋಡುತ್ತಿತ್ತು. ಮೂರು ನಡೆಗಳ ಆಳದಲ್ಲಿ ಆಡಿದಾಗ ಎರಡು ಆಟ ಸಮವಾದವು. ಐದಕ್ಕೆ ಇಳಿದಾಗ ಎರಡನ್ನೂ ಗೆದ್ದಿತು. ಅಂತಿಮ ಫಲ 3-1.

ಗೆಲುವಿನ ಸಂಭ್ರಮ ಬಹುಕಾಲ ಉಳಿಯಲಿಲ್ಲ. ಕವಿ ಸೆರ್ಗೆಯ್ ಯೆಸೆನಿನ್ ಅವರ ಮಗನೂ ಗಣಿತಜ್ಞನೂ ಆದ ಯೆಸೆನಿನ್-ವೋಲ್ಪಿನ್ ಅವರನ್ನು 1968ರಲ್ಲಿ ಸರಕಾರವು ಮಾನಸಿಕ ಚಿಕಿತ್ಸಾಲಯದಲ್ಲಿ ಬಂಧಿಸಿತು. ಅದನ್ನು ಪ್ರತಿಭಟಿಸಿ 99 ಗಣಿತಜ್ಞರು ಬರೆದ ಪತ್ರಕ್ಕೆ ಕ್ರೋನ್‌ರೋಡ್ ಸಹಿ ಹಾಕಿದರು. ಪರಿಣಾಮವಾಗಿ ಹುದ್ದೆಯನ್ನು ಕಳೆದುಕೊಂಡರು. ಚದುರಂಗದ ತಂಡವೂ ಆ ಸಂಸ್ಥೆಯಿಂದ ಹೊರಬಿತ್ತು.

ಆದರೆ ಕೆಲಸ ನಿಲ್ಲಲಿಲ್ಲ. ನಿಯಂತ್ರಣ ವಿಜ್ಞಾನ ಸಂಸ್ಥೆಯಲ್ಲಿ ಅರ್ಲಜಾರೋವ್, ಡಾನ್ಸ್ಕಾಯ್ ಮೊದಲಾದವರೊಡನೆ ಅದು ‘ಕೈಸಾ’ ಎಂಬ ಹೆಸರಿನಲ್ಲಿ ಮರುಜನ್ಮ ಪಡೆಯಿತು. 1974ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ನಡೆದ ಮೊದಲ ವಿಶ್ವ ಗಣಕ ಚದುರಂಗ ಪಂದ್ಯಾವಳಿಯಲ್ಲಿ ಕೈಸಾ ನಾಲ್ಕೂ ಆಟಗಳನ್ನು ಗೆದ್ದಿತು. ಅಡೆಲ್ಸನ್-ವೆಲ್ಸ್ಕಿ ಮುಂದೆ ಇಸ್ರೇಲಿಗೆ ತೆರಳಿ, 2014ರಲ್ಲಿ ಅಲ್ಲಿಯೇ ನಿಧನರಾದರು.

ಯಂತ್ರವು ಮುಂದಿನ ನಡೆಗಳನ್ನೆಲ್ಲ ಎಣಿಸಿ ಲಾಭವಿದ್ದೆಡೆಗೆ ಸರಿಯುತ್ತದೆ. ನಷ್ಟವನ್ನು ಮೊದಲೇ ಎಣಿಸಬಲ್ಲವರಾಗಿದ್ದ ಕ್ರೋನ್‌ರೋಡ್ ಸಹಿ ಹಾಕಿದರು. ಈ ಎರಡು ಬಗೆಯ ವಿವೇಕಗಳ ಅಂತರವನ್ನು ವಿದ್ಯಾರ್ಥಿಗಳು ಮನನ ಮಾಡಬೇಕು.

ಅಭ್ಯಾಸ: ಅಕಾರಾದಿಯಾಗಿ ಏಳು ಪದಗಳನ್ನು ಆರಿಸಿ, ನಡುವಿನ ಪದವನ್ನು ಬೇರಾಗಿಸಿ ಸಮತೋಲದ ವೃಕ್ಷವನ್ನು ರಚಿಸಿರಿ.