ಕೋಲು ಮಲಗಿರಲಿ, ಚೆಂಡು ಓಡಲಿ

ಸ್ನೂಕರ್ ಆಟ 1875ರಲ್ಲಿ ನಮ್ಮ ದೇಶದ ಜಬಲ್ಪುರದಲ್ಲಿ ಹುಟ್ಟಿತು. ಬೆಂಗಳೂರಿನಲ್ಲಿ ಆಡಿ ಬೆಳೆದ ಪಂಕಜ್ ಅಡ್ವಾಣಿ 2003ರಲ್ಲಿ ಚೀನಾ ದೇಶದಲ್ಲಿ ವಿಶ್ವ ಹವ್ಯಾಸಿ ಸ್ನೂಕರ್ ಚಾಂಪಿಯನ್ ಆದರು. ಜೋರಾಗಿ ಹೊಡೆದವನೇ ಗೆಲ್ಲತಾನ ಅಂತ ಬಹಳ ಮಂದಿ ತಿಳಿದಾರ. ಅದು ತಪ್ಪು. ಬಲಕ್ಕಿಂತ ಕೋಲಿನ ಕೋನ ಮುಖ್ಯ.

ಈ ಕೋಲಿಗೆ ಕ್ಯೂ ಎನ್ನುತ್ತಾರೆ. ಅದು ಮಲಗಿದಂತೆ ಇದ್ದರೆ ಪೆಟ್ಟೆಲ್ಲ ಮುಂದಕ್ಕೆ ಹೋಗುತ್ತದೆ. ಹಿಂದಿನ ತುದಿ ಎತ್ತಿದರೆ ಪೆಟ್ಟಿನ ಒಂದು ಪಾಲು ಕೆಳಕ್ಕೆ ಹೋಗಿ ಚೆಂಡನ್ನು ಮೇಜಿಗೆ ಒತ್ತುತ್ತದೆ. ಆಗ ಚೆಂಡು ಜಿಗಿಯಬಹುದು. ಪೆಟ್ಟು ನಟ್ಟನಡುವೆ ಬೀಳದೆ ಬದಿಗೆ ಬಿದ್ದರಂತೂ ದಾರಿಯೇ ಬಾಗುತ್ತದೆ. ಮೇಜಿನ ಅಂಚು ಅಡ್ಡ ಬರುವುದರಿಂದ ಕೋಲು ಪೂರ್ತಿ ಮಲಗುವುದಿಲ್ಲ. ಆದಷ್ಟು ತಗ್ಗಿಸಬೇಕು, ಅಷ್ಟೇ.

ಹೊಡೆಯುವ ಕ್ರಮ:
1. ಎಡಗೈ ಮೇಜಿನ ಮೇಲೆ ಊರಿ, ಹೆಬ್ಬೆರಳ ಸಂದಿನಲ್ಲಿ ಕೋಲಿಡಬೇಕು.
2. ಬಲ ಮೊಣಕೈಯಿಂದ ಕೆಳಗಿನ ಕೈ ಮಾತ್ರ ತೊಟ್ಟಿಲಿನಂಗ ತೂಗಬೇಕು. ತಲೆ ಅಲುಗಬಾರದು.
3. ಚೆಂಡಿಗೆ ತಾಗಿದ ಮೇಲೂ ಕೋಲು ನೆಟ್ಟಗೆ ಮುಂದೆ ಸಾಗಬೇಕು.

ಆಲಮಟ್ಟಿಯ ನಮ್ಮ ಶಾಲೆಯಲ್ಲಿ ಆ ಮೇಜಿಲ್ಲ. ಆದರೆ ಗೋಲಿ ಇದಾವಲ್ಲ! ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆಯಿರಿ. ಗೋಲಿಯನ್ನು ಪೆನ್ಸಿಲ್‌ನಿಂದ ಹತ್ತು ಸಲ ತಗ್ಗಿಸಿ, ಹತ್ತು ಸಲ ಎತ್ತಿ ಹೊಡೆಯಿರಿ. ಗೆರೆ ಬಿಡದೆ ಓಡಿದ್ದು ಎಷ್ಟು ಸಲ? ಎಣಿಸಿ ನೋಡ್ರಿ, ನಿಮಗೇ ತಿಳಿಯತೈತಿ.