ಮನೆಯೇ ಸಂಗೀತಶಾಲೆ

ಪ್ರಶ್ನೆ: ಕುಟ್ಟದ ನಮ್ಮ ಚರ್ಚಿನ ಗಾಯನವೃಂದ ಈಗ ನನ್ನ ಹೊಣೆ. ಕೇಳಿ ಕಲಿತು ಕೀಬೋರ್ಡ್ ನುಡಿಸುತ್ತೇನೆ, ನೊಟೇಶನ್ ಬಾರದು. ಕಾಫಿ ತೋಟ ಬಿಟ್ಟು ಕಲಿಯಲು ಮೈಸೂರಿಗೆ ಹೋಗಲಾರೆ.

ಉತ್ತರ: ಹೋಗಬೇಕಿಲ್ಲ. ಪಳಗಿದ ಕಿವಿ ನಿಮಗಿದೆ, ಅದೇ ದೊಡ್ಡ ಬಂಡವಾಳ. ದಿನಕ್ಕೆ 30 ನಿಮಿಷ ಮೀಸಲಿಡಿ: 10 ನೊಟೇಶನ್ ಓದಿಗೆ, 10 ಕಾರ್ಡ್‌ಗಳಿಗೆ, 10 ಭಾನುವಾರದ ಹಾಡಿಗೆ. ಲಂಡನ್ನಿನ ಎಬಿಆರ್‌ಎಸ್‌ಎಂ ಸಂಸ್ಥೆಯ 1ರಿಂದ 5ನೇ ಗ್ರೇಡ್‌ವರೆಗಿನ ಸಂಗೀತ ಥಿಯರಿ ಪರೀಕ್ಷೆಯನ್ನು ಮನೆಯಿಂದಲೇ ಆನ್‌ಲೈನ್‌ನಲ್ಲಿ ಬರೆಯಬಹುದು. ಮೊದಲ ಗ್ರೇಡ್ ಗುರಿಯಾಗಲಿ. ಹಾಡು ಆರಿಸುವ ಮುನ್ನ ಆ ವಾರದ ಬೈಬಲ್ ವಾಚನ ಓದಿ. ಹಾಡು ಅದಕ್ಕೆ ಒಪ್ಪಬೇಕು. ನಮ್ಮ ಧಾಟಿಗಳನ್ನೂ ಬಿಡಬೇಡಿ: ನಿಘಂಟುಕಾರ, ಮಿಷನರಿ ಕಿಟೆಲ್ 1862ರಲ್ಲೇ ಕ್ರಿಸ್ತಚರಿತೆಯನ್ನು ‘ಕಥಾಮಾಲೆ’ಯಾಗಿ ಕನ್ನಡ ಪದ್ಯಕ್ಕೆ ತಂದಿದ್ದರು. ಕಲಿತದ್ದನ್ನು ಅದೇ ವಾರ ವೃಂದಕ್ಕೆ ಕಲಿಸಿ. ಕಲಿಸಿದಾಗಲೇ ವಿದ್ಯೆ ಗಟ್ಟಿಯಾಗುತ್ತದೆ.